ಕಿಲೋ ದರಕ್ಕೆ ನಿಲುಕದ ಕೆಲಸ: ಚಾಪರ್ ಮೋಟಾರ್ ಸೈಕಲ್ ಬಿಡಿಭಾಗಗಳು

ಹೊಸ ತೊಗರಿ ಪೇಟೆಗೆ ಬರುವ ಕಾಲದಲ್ಲಿ ಕಲಬುರಗಿಯ ದಾಲ್‌ಮಿಲ್‌ಗಳಿಗೆ ಬಿಡುವಿರುವುದಿಲ್ಲ. ಅವುಗಳ ಶಾಫ್ಟ್, ಬುಷ್‌ಗಳನ್ನು ಸಿದ್ಧಪಡಿಸುವ ಲೇತ್ ವರ್ಕ್‌ಶಾಪ್‌ಗಳಿಗೂ ಬಿಡುವಿರುವುದಿಲ್ಲ. ಕೆಲಸ ಇಳಿಮುಖವಾದ ತಿಂಗಳುಗಳಲ್ಲಿ, ಹಳೆಯ ಬುಲೆಟ್ಟನ್ನು ಮನೆಯಂಗಳದಲ್ಲೇ ಚಾಪರ್ ಆಗಿ ಮಾರ್ಪಡಿಸಲು ಹೊರಟ ಯುವಕನೂ ಒಬ್ಬ ಗಿರಾಕಿಯೇ. ಅವನನ್ನು ಹಿಂದಕ್ಕೆ ಕಳುಹಿಸಬೇಕಾಗಿಲ್ಲ. ಆದರೆ ಯಾವ ಕೆಲಸ ಒಪ್ಪಬೇಕು, ಎಷ್ಟು ಬೆಲೆ ಕಟ್ಟಬೇಕು ಎಂಬುದು ಮೊದಲೇ ನಿಶ್ಚಯವಾಗಿರಬೇಕು.

ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದಲ್ಲಿ ಮೋಟಾರ್ ಸೈಕಲ್ಲಿನ ಅನವಶ್ಯಕ ಭಾಗಗಳನ್ನು ಕತ್ತರಿಸಿ ಹಗುರಗೊಳಿಸುವ ಹವ್ಯಾಸದಿಂದ ಚಾಪರ್ ಹುಟ್ಟಿತು. 1969ರ 'ಈಸಿ ರೈಡರ್' ಚಲನಚಿತ್ರ ಅದನ್ನು ಜಗತ್ತಿಗೆ ಪರಿಚಯಿಸಿತು. ಆ ಚಿತ್ರದ ಬೈಕುಗಳ ಹಿಂದಿದ್ದ ಕ್ಲಿಫ್ ವಾಘ್ಸ್ ಮತ್ತು ಬೆನ್ ಹಾರ್ಡಿ ಅವರ ಹೆಸರುಗಳು ತೆರೆಯ ಮೇಲೆ ಬರಲಿಲ್ಲ. ಕುಶಲಕರ್ಮಿಗಳ ಪಾಲಿಗೆ ಇದು ಎಲ್ಲ ದೇಶಗಳ ಕಥೆ.

ಗೇಟು, ಶೆಡ್ಡು, ಟ್ರಾಲಿಗಳಿಗೆ ಫ್ಯಾಬ್ರಿಕೇಶನ್ ದರವನ್ನು ಕಿಲೋ ಲೆಕ್ಕದಲ್ಲಿ ಹೇಳುವುದು ರೂಢಿ. ಇಲ್ಲಿ ಆ ರೂಢಿಯೇ ನಷ್ಟದ ಮೂಲ. ಉದಾಹರಣೆಗೆ, ಕಮಲಾಪುರದ ಗಿರಾಕಿಯೊಬ್ಬ ಎರಡು ಆಕ್ಸಲ್ ಸ್ಪೇಸರ್ ಹಾಗೂ ಒಂದು ಜೊತೆ ಹ್ಯಾಂಡಲ್ ರೈಸರ್ ಕೇಳಿದನೆಂದಿರಲಿ. ಇಎನ್8 ಸರಳಿನ ತೂಕ ಒಂದು ಕಿಲೋ, ಬೆಲೆ 100 ರೂಪಾಯಿ ಎಂದು ಹಿಡಿಯಬಹುದು. ಅಳತೆ ತೆಗೆಯುವುದು, ತಿರುವುವುದು, ಬೋರ್ ಮಾಡುವುದು, ಹೊಂದಿಸಿ ನೋಡುವುದು ಸೇರಿ 4 ಗಂಟೆ. ಬಾಡಿಗೆ, ವಿದ್ಯುತ್, ಕೂಲಿ, ಟೂಲ್ ಸವಕಳಿ, ಯಂತ್ರದ ಡಿಪ್ರಿಸಿಯೇಶನ್ ಕೂಡಿಸಿ ಗಂಟೆಗೆ 300 ರೂಪಾಯಿ ಬಿದ್ದರೆ ಅಸಲು ವೆಚ್ಚವೇ 1,300 ರೂಪಾಯಿ. ಲಾಭ ಇನ್ನೂ ಸೇರಿಲ್ಲ. ಕಿಲೋ ದರದಲ್ಲಿ ಇದರ ಕಾಲುಭಾಗ ಕೈಸೇರುವುದೂ ಕಷ್ಟ. ಅಳತೆ ತಪ್ಪಿ ಗಿರಾಕಿ ಕಮಲಾಪುರದಿಂದ ಮರಳಿ ಬಂದರೆ ಎರಡನೆಯ ಕೆಲಸಕ್ಕೆ ಹಣ ಕೇಳುವುದೂ ಕಷ್ಟ. ಆದ್ದರಿಂದ ಅಳತೆಯ ನಕ್ಷೆಗೆ ಗಿರಾಕಿಯ ಸಹಿ, ಅರ್ಧ ಮುಂಗಡ ಅವಶ್ಯ.

ಬೆಲೆಗಿಂತ ಗಂಭೀರವಾದದ್ದು ಫ್ರೇಮ್ ಕತ್ತರಿಸುವ ಬೇಡಿಕೆ. ಚಾಪರ್‌ನ ಉದ್ದನೆಯ ಫೋರ್ಕಿಗಾಗಿ ಹ್ಯಾಂಡಲ್ ಕೊಳವೆಯನ್ನು ಹಿಂದಕ್ಕೆ ಬಾಗಿಸಿ ಬೆಸೆಯಲಾಗುತ್ತದೆ. ಟೈರು ಸೇರಿ ಮುಂಚಕ್ರದ ತ್ರಿಜ್ಯ 320 ಮಿ.ಮೀ., ಫೋರ್ಕಿನ ಆಫ್‌ಸೆಟ್ 60 ಮಿ.ಮೀ. ಇರುವಾಗ ಬಾಗುಕೋನ 27ರಿಂದ 40 ಡಿಗ್ರಿಗೆ ಏರಿದರೆ, ಚಕ್ರವನ್ನು ನೇರವಾಗಿಡುವ 'ಟ್ರೇಲ್' ಅಂತರ ಸುಮಾರು 96ರಿಂದ 190 ಮಿ.ಮೀ.ಗೆ ಹೆಚ್ಚುತ್ತದೆ. ನಿಧಾನ ವೇಗದಲ್ಲಿ ತಿರುಗಿಸುವುದು ಭಾರವಾಗುತ್ತದೆ. ಬೆಸುಗೆ ಬಿಟ್ಟರೆ ಸವಾರನಿಗೆ ಎರಡನೆಯ ಅವಕಾಶವಿಲ್ಲ.

ಕಾನೂನೂ ಬಿಗಿಯಾಗಿದೆ. ತಯಾರಕರು ಮೂಲತಃ ನಿಗದಿಪಡಿಸಿದ, ನೋಂದಣಿ ಪತ್ರದಲ್ಲಿರುವ ವಿವರಗಳಿಗೆ ಭಿನ್ನವಾಗುವಂತೆ ವಾಹನ ಮಾರ್ಪಡಿಸುವಂತಿಲ್ಲವೆಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ವಿವರಿಸುತ್ತಾ ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷದ ತಿದ್ದುಪಡಿಯ 182ಎ ಕಲಮಿನಂತೆ ಅಕ್ರಮ ಮಾರ್ಪಾಡು ಮಾಡಿದ ಮಾಲೀಕನಿಗೆ 6 ತಿಂಗಳವರೆಗೆ ಸೆರೆ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಸುರಕ್ಷತೆಗೆ ನಿರ್ಣಾಯಕವೆಂದು ಕೇಂದ್ರ ಸರ್ಕಾರ ಅಧಿಸೂಚಿಸಿದ ಬಿಡಿಭಾಗವನ್ನು ನಿಯಮಬಾಹಿರವಾಗಿ ಮಾರಿದವನಿಗೆ ಒಂದು ವರ್ಷದವರೆಗೆ ಸೆರೆ ಅಥವಾ ಪ್ರತಿ ಭಾಗಕ್ಕೆ 1 ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡೂ. 'ಗಿರಾಕಿ ಕೇಳಿದ, ಮಾಡಿಕೊಟ್ಟೆ' ಎಂಬ ಸಮಜಾಯಿಷಿ ವರ್ಕ್‌ಶಾಪನ್ನು ಕಾಪಾಡದು.

ತೆರಿಗೆಯಲ್ಲೂ ಒಂದು ತಪ್ಪು ಗ್ರಹಿಕೆಯಿದೆ. ಗಿರಾಕಿಯ ಸ್ವಂತ ಬೈಕಿನ ಮೇಲೆ ಮಾಡುವ ಕೆಲಸ ಜಿಎಸ್‌ಟಿಯಲ್ಲಿ 'ಜಾಬ್ ವರ್ಕ್' ಅಲ್ಲ. ಆ ವ್ಯಾಖ್ಯೆಗೆ ಸರಕು ನೋಂದಾಯಿತ ವ್ಯಕ್ತಿಯದಾಗಿರಬೇಕು.

ಇದೇ ಕೌಶಲಕ್ಕೆ ನಿರಪಾಯವಾದ ಇನ್ನೊಂದು ದಾರಿ ಹಳೆಯ ವಾಹನಗಳನ್ನು ಮೂಲ ಅಳತೆಯಂತೆಯೇ ಪುನಃ ಸಜ್ಜುಗೊಳಿಸುವುದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕುಗಳನ್ನು ತಯಾರಿಸಿತು. ಕಿಕ್ಕರ್ ದಂಡವೇ ಗೇರ್ ದಂಡವಾಗಿದ್ದ ಆ ಬೈಕುಗಳ ಅಭಿಮಾನಿಗಳು ಇಂದಿಗೂ ಇದ್ದಾರೆ. ಸವೆದ ಬುಷ್, ಪಿನ್ನು, ಸ್ಟ್ಯಾಂಡಿನ ಬ್ರಾಕೆಟ್ಟುಗಳನ್ನು ಹಳೆಯ ಮಾದರಿ ನೋಡಿ ತಿರುವಿಕೊಡುವುದರಿಂದ ನೋಂದಣಿ ಪತ್ರದ ಒಂದಕ್ಷರವೂ ಬದಲಾಗುವುದಿಲ್ಲ. ಬೆಲೆ ಮಾತ್ರ ಇಲ್ಲಿಯೂ ಗಂಟೆ ಲೆಕ್ಕದಲ್ಲೇ ಇರಬೇಕು.