ಅಹಿಚ್ಛತ್ರದ ಐತಿಹ್ಯ: ಒಂದು ಪ್ರಮಾಣವಿಚಾರ

ಕದಂಬರ ಮೂಲಪುರುಷನು ಉತ್ತರದೇಶದ ಅಹಿಚ್ಛತ್ರದಿಂದ ಬ್ರಾಹ್ಮಣರನ್ನು ಕರೆತಂದು ಕನ್ನಡನಾಡಿನಲ್ಲಿ ನೆಲೆಗೊಳಿಸಿದನೆಂಬ ಐತಿಹ್ಯವು ಬಹುಕಾಲದಿಂದ ಪ್ರಚಾರದಲ್ಲಿದೆ. ಇದಕ್ಕೆ ಶಾಸನದ ಆಧಾರವೂ ಉಂಟು, ಗ್ರಂಥದ ಆಧಾರವೂ ಉಂಟು. ಆದರೆ ಲಿಖಿತವಾದುದೆಲ್ಲವೂ ಪ್ರಮಾಣವಾಗಲಾರದು.

ತಾಳಗುಂದದ ಸುಮಾರು 12ನೆಯ ಶತಮಾನದ ಶಾಸನವೊಂದರ ಪ್ರಕಾರ, ಮುಕ್ಕಣ್ಣ ಕದಂಬನು ದಕ್ಷಿಣದಲ್ಲಿ ಬ್ರಾಹ್ಮಣರನ್ನು ಅರಸಿ ಕಾಣದೆ, ಅಹಿಚ್ಛತ್ರದಿಂದ 32 ಕುಲಗಳ 12,000 ಮಂದಿಯನ್ನು ತಂದು ಆ ಊರಿನಲ್ಲಿಯೇ ನಿಲ್ಲಿಸಿದನು. ತುಳುನಾಡಿನ ಗ್ರಾಮಪದ್ಧತಿಯಲ್ಲಿ ಈ ಕಾರ್ಯವು ಮಯೂರವರ್ಮನದು; ಅಲ್ಲಿ 32 ಎಂಬುದು ಗ್ರಾಮಗಳ ಸಂಖ್ಯೆ. ಕರ್ತೃವೂ ಸ್ಥಳವೂ ಬದಲಾಗಿ ಸಂಖ್ಯೆಯೊಂದೇ ಉಳಿದಿರುವುದು ಕಥೆಯ ಲಕ್ಷಣವೇ ಹೊರತು ಗಣನೆಯ ಲಕ್ಷಣವಲ್ಲ.

ಅದೇ ತಾಳಗುಂದದಲ್ಲಿ ಇದಕ್ಕಿಂತ ಬಹು ಪ್ರಾಚೀನವಾದ ಸ್ತಂಭಶಾಸನವಿದೆ. 5ನೆಯ ಶತಮಾನದಲ್ಲಿ, ಶಾಂತಿವರ್ಮನ ಕಾಲದಲ್ಲಿ, ಕುಬ್ಜಕವಿಯು ಇದನ್ನು ಸಂಸ್ಕೃತದಲ್ಲಿ ರಚಿಸಿದನು. ಇದರಲ್ಲಿ ಅಹಿಚ್ಛತ್ರದ ಹೆಸರೇ ಇಲ್ಲ. ಈ ಮೌನವೊಂದರಿಂದಲೇ ಐತಿಹ್ಯವನ್ನು ತಳ್ಳಿಹಾಕುವುದು ಯುಕ್ತವಲ್ಲ. ಕೆರೆಯನ್ನೂ ರಾಜವಂಶವನ್ನೂ ಕೀರ್ತಿಸುವ ಕವಿಯು ಅಗ್ರಹಾರದ ಪೂರ್ವವೃತ್ತಾಂತವನ್ನು ಹೇಳಲೇಬೇಕೆಂಬ ನಿಯಮವಿಲ್ಲ. ಆದರೆ ಶಾಸನವು ಹೇಳಿರುವ ವಿಷಯವೇ ಐತಿಹ್ಯಕ್ಕೆ ಬಾಧಕವಾಗಿದೆ. ಅದರಂತೆ ಮಯೂರಶರ್ಮನು ಸ್ವತಃ ಮಾನವ್ಯಗೋತ್ರದ ವೈದಿಕಕುಲದವನು. ಗುರು ವೀರಶರ್ಮನೊಡನೆ ವಿದ್ಯಾರ್ಜನೆಗಾಗಿ ಕಂಚಿಯ ಘಟಿಕೆಗೆ ಹೋದವನು. ರಾಜ್ಯವು ಸ್ಥಾಪಿತವಾಗುವ ಮೊದಲೇ ಶಿಷ್ಯನೂ ಗುರುವೂ ವಿದ್ಯಾಸ್ಥಾನವೂ ದಕ್ಷಿಣದಲ್ಲಿದ್ದ ಮೇಲೆ, ಬ್ರಾಹ್ಮಣರೇ ಇರಲಿಲ್ಲವೆಂಬ ಮಾತು ನಿಲ್ಲದು.

ಅಹಿಚ್ಛತ್ರವನ್ನು ಅನೇಕ ಶಾಸನಗಳು ಹೇಳುತ್ತವೆಯಲ್ಲವೆ ಎಂದು ಕೆಲವರು ಆಕ್ಷೇಪಿಸಬಹುದು. 1121ರ ಕಲ್ಲೂರುಗುಡ್ಡದ ಶಾಸನವು ಗಂಗರ ಪೂರ್ವಿಕರನ್ನು ಅಲ್ಲಿಗೇ ಸೇರಿಸುತ್ತದೆ. ಸಿಂದರೂ ತಮ್ಮ ಮೂಲವನ್ನು ಅಲ್ಲಿಯೇ ಹೇಳಿಕೊಂಡರು. ಆದರೆ ಒಂದೇ ಕಾಲದ ರೂಢಿಯನ್ನು ಹಲವರು ನುಡಿದರೆ ಸಾಕ್ಷಿಗಳು ಹಲವಾಗುವುದಿಲ್ಲ. ಕುಲಕ್ಕೆ ಉತ್ತರದ ಪುಣ್ಯಕ್ಷೇತ್ರವೊಂದನ್ನು ಮೂಲವಾಗಿ ಕಲ್ಪಿಸುವುದು ಆ ಶತಮಾನಗಳ ವಾಡಿಕೆಯಾಗಿದ್ದಿತೆಂಬುದೇ ಇದರಿಂದ ಸಿದ್ಧವಾಗುವುದು.

ಹಾಗೆಂದು ಈಚಿನ ಶಾಸನವು ನಿರರ್ಥಕವಲ್ಲ. ತಾಳಗುಂದದ ಮಹಾಜನರು 12ನೆಯ ಶತಮಾನದಲ್ಲಿ ತಮ್ಮ ಅಗ್ರಹಾರದ ಗೌರವವನ್ನು ಯಾವ ಕಥೆಯ ಮೇಲೆ ನಿಲ್ಲಿಸಿದ್ದರೆಂಬುದಕ್ಕೆ ಅದು ಉತ್ತಮ ಪ್ರಮಾಣ; 4ನೆಯ ಶತಮಾನದ ವಲಸೆಗೆ ಮಾತ್ರ ಅಲ್ಲ. ವಲಸೆಯು ನಡೆದೇ ಇಲ್ಲವೆಂದೂ ಇದರಿಂದ ಹೇಳಲಾಗದು. ಅದನ್ನು ನಿರ್ಣಯಿಸಲು ಪ್ರತಿಗ್ರಹಿಗಳ ಹೆಸರು, ಗೋತ್ರ, ದತ್ತಗ್ರಾಮಗಳನ್ನು ತಿಳಿಸುವ ಸಮಕಾಲೀನ ತಾಮ್ರಪಟಗಳನ್ನೇ ಮೊದಲು ಆಶ್ರಯಿಸಬೇಕು. ದಾನಪತ್ರಗಳಲ್ಲಿಯೂ ಪ್ರಶಸ್ತಿಭಾಗಕ್ಕಿಂತ ದಾನಭಾಗವೇ ಹೆಚ್ಚು ವಿಶ್ವಾಸಾರ್ಹ. ಏಕೆಂದರೆ ಹೊಗಳಿಕೆಯಲ್ಲಿ ಉತ್ಪ್ರೇಕ್ಷೆಗೆ ಅಡ್ಡಿಯಿಲ್ಲ, ಭೂಮಿಯ ಎಲ್ಲೆಯು ತಪ್ಪಿದರೆ ನೆರೆಯವನು ಸುಮ್ಮನಿರನು.