ಆಟದ ಧ್ವನಿಯೂ ಕಿವಿಯ ಕ್ಷೇಮವೂ

ಕಣ್ಣಿಗೆ ರೆಪ್ಪೆಯುಂಟು, ಬೇಡವಾದುದನ್ನು ಕಾಣದಂತೆ ಮುಚ್ಚಿಕೊಳ್ಳಬಹುದು. ಬಾಯಿಗೆ ತುಟಿಗಳುಂಟು, ಬೇಡವಾದ ಮಾತನ್ನು ತಡೆಯಬಹುದು. ಕಿವಿಗೆ ಮಾತ್ರ ಬಾಗಿಲಿಲ್ಲ. ನಾವು ನಿದ್ರಿಸುತ್ತಿರುವಾಗಲೂ ಅದು ಎಚ್ಚರವಾಗಿದ್ದು ಸುತ್ತಲಿನ ಸಪ್ಪಳವನ್ನು ಆಲಿಸುತ್ತಲೇ ಇರುತ್ತದೆ. ಹೀಗೆ ಸದಾ ತೆರೆದಿರುವ ಇಂದ್ರಿಯಕ್ಕೆ ನಾವು ಏನನ್ನು, ಎಷ್ಟು ಗಟ್ಟಿಯಾಗಿ, ಎಷ್ಟು ಹೊತ್ತು ಕೇಳಿಸುತ್ತೇವೆ ಎಂಬುದು ವಿಚಾರ ಮಾಡಬೇಕಾದ ಸಂಗತಿ. ಕಂಪ್ಯೂಟರಿನಲ್ಲಿಯೂ ಮೊಬೈಲಿನಲ್ಲಿಯೂ ಆಟವಾಡುವ ಹವ್ಯಾಸವು ಹಳ್ಳಿ, ಪಟ್ಟಣಗಳೆಂಬ ಭೇದವಿಲ್ಲದೆ ಹಬ್ಬಿರುವ ಈ ಕಾಲದಲ್ಲಿ, ಹೆಡ್‌ಸೆಟ್ಟನ್ನು ತಲೆಗೇರಿಸಿಕೊಂಡು ಕುಳಿತ ಮಕ್ಕಳನ್ನು ಎಲ್ಲೆಡೆಯೂ ಕಾಣುತ್ತೇವೆ. ಒಳ್ಳೆಯ ಹೆಡ್‌ಸೆಟ್ ಯಾವುದು, ಅದನ್ನು ಆರಿಸುವ ಬಗೆ ಹೇಗೆ ಎಂಬುದನ್ನು ನೋಡೋಣ.

ಎರಡು ಕಿವಿಗಳಿಗೆ ಎರಡು ಪುಟ್ಟ ಧ್ವನಿವರ್ಧಕಗಳು, ಅವನ್ನು ತಲೆಯ ಮೇಲೆ ಹಿಡಿದು ನಿಲ್ಲಿಸುವ ಒಂದು ಪಟ್ಟಿ, ಬಾಯಿಯ ಬಳಿಗೆ ಚಾಚಿದ ಒಂದು ಮೈಕು. ಇವು ಸೇರಿದರೆ ಹೆಡ್‌ಸೆಟ್. ಮೈಕಿಲ್ಲದಿದ್ದರೆ ಅದು ಹೆಡ್‌ಫೋನ್. ಇದು ಆಟಕ್ಕಾಗಿ ಹುಟ್ಟಿದ ವಸ್ತುವಲ್ಲ. 1910ರ ಸುಮಾರಿನಲ್ಲಿ ಅಮೆರಿಕದ ಯೂಟಾ ಪ್ರಾಂತದ ನಥಾನಿಯಲ್ ಬಾಲ್ಡ್‌ವಿನ್ ಎಂಬಾತ ತನ್ನ ಮನೆಯ ಅಡುಗೆಕೋಣೆಯಲ್ಲಿ ಹೆಡ್‌ಫೋನುಗಳನ್ನು ತಯಾರಿಸಿ ಆ ದೇಶದ ನೌಕಾಪಡೆಗೆ ಒದಗಿಸಿದನು. ನಿಸ್ತಂತು ಸಂದೇಶಗಳ ಕ್ಷೀಣವಾದ ಧ್ವನಿಯನ್ನು ಹಿಡಿಯಲು ನಾವಿಕರಿಗೆ ಅವು ಬೇಕಾಗಿದ್ದವು. 1958ರಲ್ಲಿ ಜಾನ್ ಕಾಸ್ ಎಂಬಾತ ಸಂಗೀತ ಕೇಳುವುದಕ್ಕೆಂದು ಸ್ಟೀರಿಯೊ ಹೆಡ್‌ಫೋನನ್ನು ರೂಪಿಸಿದನು. ಕಂಪ್ಯೂಟರ್ ಆಟಗಳು ಬಂದ ಮೇಲೆ ಅದೇ ಸಾಧನವು ಆಟಗಾರರ ಕೈಸೇರಿತು.

ಕಂಪ್ಯೂಟರ್ ಆಟಗಳೆಂದರೆ ಬರಿಯ ಕಾಲಹರಣವೆಂದು ಮೂಗು ಮುರಿಯುವವರು ಉಂಟು. ಆದರೆ ಅವುಗಳ ಹಿಂದೆ ದೊಡ್ಡದೊಂದು ಉದ್ಯಮವೇ ಬೆಳೆದು ನಿಂತಿದೆ. ನಮ್ಮ ಬೆಂಗಳೂರಿನಲ್ಲಿ 1997ರಷ್ಟು ಹಿಂದೆಯೇ ಆಟಗಳನ್ನು ರೂಪಿಸುವ ಧ್ರುವ ಇಂಟರಾಕ್ಟಿವ್ ಸಂಸ್ಥೆ ಸ್ಥಾಪನೆಯಾಯಿತು. ಭಾರತ ಸರ್ಕಾರವು 2022ರ ಡಿಸೆಂಬರಿನಲ್ಲಿ ಇ-ಕ್ರೀಡೆಗಳನ್ನು ಬಹುಕ್ರೀಡಾಕೂಟಗಳ ಅಂಗವಾಗಿ ಮಾನ್ಯ ಮಾಡಿತು. 2023ರಲ್ಲಿ ಚೀನಾದ ಹಾಂಗ್‌ಝೌ ನಗರದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಅವುಗಳಿಗೆ ಪದಕಗಳೂ ಇದ್ದವು. ಆದ್ದರಿಂದ ಆಟವನ್ನು ಹಳಿಯುವುದಕ್ಕಿಂತ ಅದರ ಸಾಧನಗಳನ್ನು ಅರಿತು ಬಳಸುವುದು ಲೇಸು.

ಆಟಕ್ಕೆ ಹೆಡ್‌ಸೆಟ್ಟಿನ ಅಗತ್ಯವೇನು? ಇದನ್ನು ತಿಳಿಯಲು ನಮ್ಮ ಹೊಲಗಳತ್ತ ಒಮ್ಮೆ ನೋಡಬೇಕು. ರಾಯಚೂರು ಜಿಲ್ಲೆಯ ಹಿರೇಕೊಟ್ನೆಕಲ್ಲಿನಂತಹ ಊರಿನಲ್ಲಿ, ಜೋಳ ತೆನೆಗಟ್ಟಿದ ಕಾಲದಲ್ಲಿ ರೈತನೊಬ್ಬನು ಮಂಚಿಕೆಯ ಮೇಲೆ ಕಾವಲು ಕುಳಿತಿದ್ದಾನೆಂದು ಭಾವಿಸಿರಿ. ಕಗ್ಗತ್ತಲೆ. ಎಲ್ಲಿಯೋ ಜೋಳದ ದಂಟು ಸರಕ್ಕೆಂದಿತು. ಆತನು ಕ್ಷಣಮಾತ್ರವೂ ತಡಮಾಡದೆ ಸರಿಯಾಗಿ ಆ ದಿಕ್ಕಿಗೇ ಬ್ಯಾಟರಿಯ ಬೆಳಕನ್ನು ಹಾಯಿಸುತ್ತಾನೆ. ಕಣ್ಣು ಕಾಣದ ಕತ್ತಲೆಯಲ್ಲಿ ದಿಕ್ಕನ್ನು ತೋರಿದುದು ಯಾವುದು? ಆತನ ಎರಡು ಕಿವಿಗಳು.

ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಚಲಿಸುತ್ತದೆ. ಬಲಗಡೆಯಿಂದ ಬಂದ ಸಪ್ಪಳವು ಬಲಗಿವಿಯನ್ನು ಮೊದಲು ತಲುಪಿ, ತಲೆಯನ್ನು ಬಳಸಿಕೊಂಡು ಎಡಗಿವಿಗೆ ಹೋಗುತ್ತದೆ. ಈ ಅಂತರವು ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಆದರೂ ಮಿದುಳು ಅದನ್ನು ಗುರುತಿಸಬಲ್ಲದು. ಇದಲ್ಲದೆ ತಲೆಯೇ ಅಡ್ಡವಾಗಿ ನಿಲ್ಲುವುದರಿಂದ ಆಚೆಯ ಕಿವಿಗೆ ತಲುಪುವ ಶಬ್ದ ತುಸು ಮೆತ್ತಗಾಗಿರುತ್ತದೆ. ದಪ್ಪ ಧ್ವನಿಗಳ ದಿಕ್ಕನ್ನು ಕಾಲದ ಅಂತರದಿಂದಲೂ, ಕೀಚಲು ಧ್ವನಿಗಳ ದಿಕ್ಕನ್ನು ಬಲದ ಅಂತರದಿಂದಲೂ ನಾವು ಅರಿಯುತ್ತೇವೆಂದು ಇಂಗ್ಲೆಂಡಿನ ವಿಜ್ಞಾನಿ ಲಾರ್ಡ್ ರೇಲೆ 1907ರಲ್ಲಿ ವಿವರಿಸಿದನು. ಹಿಂದು, ಮುಂದು, ಮೇಲು, ಕೆಳಗು ಎಂಬುದನ್ನು ತಿಳಿಸಲು ಹೊರಗಿವಿಯ ಮಡಿಕೆಗಳು ನೆರವಾಗುತ್ತವೆ.

ಆಟವನ್ನು ರೂಪಿಸುವವರು ಇದೇ ತತ್ತ್ವವನ್ನು ಬಳಸುತ್ತಾರೆ. ಎದುರಾಳಿಯು ಎಡಗಡೆಯಿಂದ ಬರುತ್ತಿದ್ದರೆ ಆತನ ಹೆಜ್ಜೆಯ ಸದ್ದು ಎಡಗಿವಿಗೆ ಮೊದಲು, ಬಲಗಿವಿಗೆ ಅನಂತರ ಕೇಳುವಂತೆ ಮಾಡುತ್ತಾರೆ. ಮೇಜಿನ ಮೇಲಿಟ್ಟ ಧ್ವನಿವರ್ಧಕದಲ್ಲಿ ಎರಡೂ ಧ್ವನಿಗಳು ಗಾಳಿಯಲ್ಲಿ ಬೆರೆತು ಈ ಸೂಕ್ಷ್ಮವು ಮಸುಕಾಗುತ್ತದೆ. ಹೆಡ್‌ಸೆಟ್ಟಿನಲ್ಲಿ ಒಂದೊಂದು ಕಿವಿಗೂ ಅದರದರ ಪಾಲು ಬೇರೆಬೇರೆಯಾಗಿ ದೊರೆಯುತ್ತದೆ. ಆದುದರಿಂದ ಆಟದ ಹೆಡ್‌ಸೆಟ್ಟಿಗೆ ಇರಬೇಕಾದ ಮೊದಲ ಗುಣ ಸದ್ದಿನ ಅಬ್ಬರವಲ್ಲ, ಸ್ಪಷ್ಟತೆ. ಸ್ಫೋಟದ ಗದ್ದಲದ ನಡುವೆಯೂ ಹೆಜ್ಜೆಯ ಮೆಲುಸದ್ದು ಬೇರೆಯಾಗಿ ಕೇಳಿಸಬೇಕು.

ಅಂಗಡಿಯಲ್ಲಿ ಹೆಡ್‌ಸೆಟ್ಟಿನ ಪೆಟ್ಟಿಗೆಯನ್ನು ಕೈಗೆತ್ತಿಕೊಂಡರೆ ಅದರ ಮೇಲೆ ಹಲವು ಅಂಕಿಗಳು ಕಾಣುತ್ತವೆ. ಅವುಗಳ ಅರ್ಥವನ್ನು ತಿಳಿದವನು ಮೋಸಹೋಗುವುದಿಲ್ಲ. ‘40 ಮಿಲಿಮೀಟರ್’, ‘50 ಮಿಲಿಮೀಟರ್’ ಎಂದಿರುವುದು ಒಳಗಿನ ಧ್ವನಿವರ್ಧಕದ ಅಗಲ. ಅದರಲ್ಲಿ ಒಂದು ಅಯಸ್ಕಾಂತ, ಒಂದು ತಂತಿಸುರುಳಿ, ಸುರುಳಿಗೆ ಅಂಟಿದ ತೆಳುವಾದ ಪೊರೆ ಇರುತ್ತವೆ. ವಿದ್ಯುತ್ತು ಸುರುಳಿಯಲ್ಲಿ ಹರಿದಂತೆ ಪೊರೆ ಕಂಪಿಸಿ ಶಬ್ದ ಹುಟ್ಟುತ್ತದೆ. ದೊಡ್ಡ ತಮಟೆಯೆಲ್ಲ ಒಳ್ಳೆಯ ನಾದ ಕೊಡುವುದಿಲ್ಲವಷ್ಟೆ. ಹಾಗೆಯೇ ಅಗಲವಾದ ಪೊರೆಯೆಲ್ಲ ಉತ್ತಮವೆನ್ನಲಾಗದು. ‘20ರಿಂದ 20,000 ಹರ್ಟ್ಸ್’ ಎಂಬುದು ಮನುಷ್ಯನ ಕಿವಿಗೆ ಕೇಳಿಸುವ ಧ್ವನಿಗಳ ವ್ಯಾಪ್ತಿ. 40,000 ಹರ್ಟ್ಸ್ ಎಂದು ಹೆಮ್ಮೆಯಿಂದ ಮುದ್ರಿಸಿದ್ದರೂ ಹೆಚ್ಚಿನ ಭಾಗವು ನಮ್ಮ ಕಿವಿಗೆ ನಿಲುಕದು. ‘ಓಮ್’ ಎಂಬುದು ವಿದ್ಯುತ್ ತಡೆಯ ಅಳತೆ. ಮೊಬೈಲಿಗೂ ಸಾಧಾರಣ ಕಂಪ್ಯೂಟರಿಗೂ 32 ಓಮ್‌ನಷ್ಟಿರುವುದು ಸಾಮಾನ್ಯವಾಗಿ ಹೊಂದುತ್ತದೆ.

‘7.1’ ಎಂಬ ಅಂಕಿ ಅನೇಕರನ್ನು ಮರುಳುಗೊಳಿಸುತ್ತದೆ. ಏಳು ಧ್ವನಿವರ್ಧಕಗಳೂ ದಪ್ಪ ಧ್ವನಿಗೆಂದೇ ಮತ್ತೊಂದೂ ಸುತ್ತಲೂ ಇವೆಯೆಂಬುದು ಇದರ ಅರ್ಥ. ಸಾಮಾನ್ಯವಾಗಿ ಹೆಡ್‌ಸೆಟ್ಟಿನಲ್ಲಿ ಇರುವುದು ಎರಡೇ. ಉಳಿದವುಗಳ ಭಾಸವನ್ನು ಲೆಕ್ಕಾಚಾರದಿಂದ ಉಂಟುಮಾಡಲಾಗುತ್ತದೆ. ಕೆಲವು ಆಟಗಳಲ್ಲಿ ಇದು ಉಪಯುಕ್ತ. ಕೆಲವುಗಳಲ್ಲಿ ಧ್ವನಿಯನ್ನು ಮಂಕಾಗಿಸುತ್ತದೆ. ಇನ್ನು ಬಣ್ಣಬಣ್ಣದ ದೀಪಗಳ ಮಾತು ಬೇಡ. ಅವುಗಳನ್ನು ನೋಡುವವರು ಎದುರಿಗೆ ಇರುವವರೇ ಹೊರತು ಧರಿಸಿದವನಲ್ಲ.

ಅಂಕಿಗಳಿಗಿಂತ ಮುಖ್ಯವಾದುದು ಕಿವಿಗೂ ತಲೆಗೂ ಅದು ಹೊಂದುವ ಬಗೆ. ಹೆಡ್‌ಸೆಟ್ಟಿನ ಬಟ್ಟಲುಗಳಲ್ಲಿ ಎರಡು ವಿಧ. ಹಿಂಬದಿ ಮುಚ್ಚಿದವು ಹೊರಗಿನ ಸದ್ದನ್ನು ಬಹುಮಟ್ಟಿಗೆ ತಡೆಯುತ್ತವೆ. ಹಿಂಬದಿ ತೆರೆದವುಗಳಲ್ಲಿ ಗಾಳಿಯಾಡುತ್ತದೆ, ಧ್ವನಿ ಸಹಜವಾಗಿರುತ್ತದೆ. ಆದರೆ ಹೊರಗಿನ ಸದ್ದು ಒಳಕ್ಕೂ ಒಳಗಿನ ಸದ್ದು ಹೊರಕ್ಕೂ ಸೋರುತ್ತದೆ. ಫ್ಯಾನಿನ ಸದ್ದು, ಬೀದಿಯ ವಾಹನಗಳು, ಪಕ್ಕದ ಕೋಣೆಯ ಟಿ.ವಿ. ಇರುವ ಮನೆಯಲ್ಲಿ ಮುಚ್ಚಿದ ಬಗೆಯೇ ಮೇಲು. ಹೊರಗಿನ ಗದ್ದಲವನ್ನು ಮೀರಿಸಲೆಂದು ಧ್ವನಿಯನ್ನು ಏರಿಸುವ ಪ್ರಸಂಗ ಆಗ ಬರುವುದಿಲ್ಲ. ರಾಯಚೂರಿನ ಬೇಸಗೆಯನ್ನು ಬಲ್ಲವರಿಗೆ ಇನ್ನೊಂದು ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೃತಕ ಚರ್ಮದ ಮೆತ್ತೆಯು ಬೆವರಿಗೆ ಅಂಟಿಕೊಂಡು ಕಾಲಕ್ರಮದಲ್ಲಿ ಸಿಪ್ಪೆ ಏಳುತ್ತದೆ. ಬಟ್ಟೆಯ ಮೆತ್ತೆ ನಮ್ಮ ಹವೆಗೆ ಹಿತ. ಕನ್ನಡಕ ಧರಿಸುವವರು ಕನ್ನಡಕದೊಂದಿಗೇ ಹಾಕಿ ನೋಡಬೇಕು. ತೂಕವು 300 ಗ್ರಾಂ ಮೀರದಿದ್ದರೆ ಕುತ್ತಿಗೆಗೆ ಆಯಾಸವಾಗದು. ಸಾಧ್ಯವಿದ್ದರೆ ಅಂಗಡಿಯಲ್ಲಿ ಹತ್ತು ನಿಮಿಷ ಧರಿಸಿ, ತಲೆಯನ್ನು ಅತ್ತಿತ್ತ ತಿರುಗಿಸಿ ನೋಡಿಯೇ ಕೊಳ್ಳಬೇಕು. ಮೊದಲ ನಿಮಿಷದಲ್ಲಿ ಹಿತವೆನಿಸಿದ್ದು ಹತ್ತನೆಯ ನಿಮಿಷದಲ್ಲಿ ಇಕ್ಕಳದಂತೆ ಹಿಡಿಯುವುದುಂಟು.

ಕೂಡಿ ಆಡುವ ಆಟದಲ್ಲಿ ಮೈಕು ಮುಖ್ಯ. ಬೇಕೆಂದಾಗ ಬಾಗಿಸಬಹುದಾದ, ಬಾಯಿಯ ಕಡೆಯ ಧ್ವನಿಯನ್ನು ಮಾತ್ರ ಹೆಚ್ಚಾಗಿ ಹಿಡಿಯುವ ಮೈಕು ಒಳ್ಳೆಯದು. ಅದನ್ನು ಬಾಯಿಯ ನೇರಕ್ಕಿಡದೆ ತುಸು ಪಕ್ಕಕ್ಕಿಟ್ಟರೆ ಉಸಿರಿನ ಬುಸುಗುಟ್ಟುವಿಕೆ ಕೇಳಿಸದು.

ತಂತಿಯಿರುವುದು ಲೇಸೋ ಇಲ್ಲದಿರುವುದು ಲೇಸೋ? ತಂತಿಯಿರುವುದಕ್ಕೆ ಚಾರ್ಜು ಬೇಡ, ಬೆಲೆಯೂ ಕಡಿಮೆ, ಧ್ವನಿ ತಡವಾಗುವುದಿಲ್ಲ. ಬ್ಲೂಟೂತ್ ಹೆಡ್‌ಸೆಟ್ಟಿನಲ್ಲಿ ದೃಶ್ಯಕ್ಕಿಂತ ಧ್ವನಿ ಸ್ವಲ್ಪ ಹಿಂದೆ ಬೀಳುವುದುಂಟು. ಹಾಡಿಗೆ ಇದು ಬಾಧಕವಲ್ಲ, ಆಟಕ್ಕೆ ಬಾಧಕ. ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ಗ್ರಾಹಕದೊಂದಿಗೆ ಬರುವ ನಿಸ್ತಂತು ಹೆಡ್‌ಸೆಟ್ಟುಗಳಲ್ಲಿ ಈ ದೋಷ ಕಡಿಮೆ, ಬೆಲೆ ಹೆಚ್ಚು. ಕೊಳ್ಳುವ ಮುನ್ನ ನಮ್ಮ ಕಂಪ್ಯೂಟರಿನ ರಂಧ್ರವನ್ನು ನೋಡಿಕೊಳ್ಳಬೇಕು. ಕೆಲವು ಕಂಪ್ಯೂಟರುಗಳಲ್ಲಿ ಧ್ವನಿಗೂ ಮೈಕಿಗೂ ಬೇರೆಬೇರೆ ರಂಧ್ರಗಳಿರುತ್ತವೆ; ಒಂದೇ ಪಿನ್ನಿನ ಹೆಡ್‌ಸೆಟ್ಟಿಗೆ ಆಗ ಕವಲು ತಂತಿ ಬೇಕಾಗುತ್ತದೆ.

ಇಲ್ಲಿಯವರೆಗೆ ಸಾಧನದ ವಿಚಾರವಾಯಿತು. ಇನ್ನು ಅದನ್ನು ಧರಿಸುವ ಕಿವಿಯ ವಿಚಾರ. ನಮ್ಮ ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಒಂದು ನಾಳವಿದೆ. ಅದರೊಳಗೆ ಸುಮಾರು 15,000 ರೋಮಕೋಶಗಳಿವೆ. ಗಾಳಿ ಬೀಸಿದಾಗ ಪೈರು ತೊನೆಯುವಂತೆ, ಶಬ್ದದ ಅಲೆಗೆ ಈ ಕೋಶಗಳ ಮೇಲಿನ ರೋಮಗಳು ಬಾಗಿ ಮಿದುಳಿಗೆ ಸುದ್ದಿ ಕಳಿಸುತ್ತವೆ. ಬಿರುಗಾಳಿಗೆ ಸಿಕ್ಕ ಪೈರು ನೆಲಕಚ್ಚುವಂತೆ ಅತಿಯಾದ ಶಬ್ದಕ್ಕೆ ಇವೂ ನಾಶವಾಗುತ್ತವೆ. ನೆಲಕಚ್ಚಿದ ಹೊಲದಲ್ಲಿ ಮುಂದಿನ ವರ್ಷ ಮತ್ತೆ ಬಿತ್ತಬಹುದು. ಹಕ್ಕಿಗಳಲ್ಲಿ ಈ ಕೋಶಗಳು ಮರಳಿ ಹುಟ್ಟುತ್ತವೆ. ಮನುಷ್ಯನಲ್ಲಿ ಮಾತ್ರ ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ.

ಶಬ್ದದ ಮಟ್ಟವನ್ನು ಡೆಸಿಬಲ್ಲುಗಳಲ್ಲಿ ಅಳೆಯುತ್ತಾರೆ. ಈ ಅಳತೆಯಲ್ಲಿ ಮೂರು ಡೆಸಿಬಲ್ ಏರಿದರೆ ಶಬ್ದದ ಶಕ್ತಿ ಇಮ್ಮಡಿಯಾಗುತ್ತದೆ. ವಾರಕ್ಕೆ 40 ಗಂಟೆಗಳಂತೆ ಕೇಳುವುದಾದರೆ ದೊಡ್ಡವರಿಗೆ 80, ಮಕ್ಕಳಿಗೆ 75 ಡೆಸಿಬಲ್ ಮಿತಿಯೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಮೂರು ಡೆಸಿಬಲ್ ಏರಿಸಿದಾಗಲೆಲ್ಲ ಅವಧಿಯನ್ನು ಅರ್ಧಕ್ಕಿಳಿಸಬೇಕು. ಅಂದರೆ 90 ಡೆಸಿಬಲ್ಲಿನಲ್ಲಿ ದೊಡ್ಡವರೂ ಇಡೀ ವಾರಕ್ಕೆ ಸುಮಾರು ನಾಲ್ಕು ಗಂಟೆ ಮಾತ್ರ ಕೇಳಬಹುದು. ಆಟಗಳಲ್ಲಿ ಗುಂಡಿನ ಸದ್ದಿನಂತಹ ಕ್ಷಣಿಕ ಶಬ್ದಗಳು 119 ಡೆಸಿಬಲ್ಲಿನವರೆಗೆ ಏರುವುದುಂಟೆಂದು 2024ರಲ್ಲಿ ಪ್ರಕಟವಾದ ವಿಮರ್ಶಾ ಅಧ್ಯಯನವೊಂದು ತಿಳಿಸಿದೆ. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದಂತಹ ಕಡೆ ಟರ್ಬೈನಿನ ಬಳಿ ದುಡಿಯುವವರಿಗೆ, ಹಟ್ಟಿಯ ಚಿನ್ನದ ಗಣಿಯಲ್ಲಿ ಕಲ್ಲು ಕೊರೆಯುವವರಿಗೆ ಕಿವಿಕವಚ ಬೇಕಾಗುತ್ತದೆ. ಅದರ ಆಕಾರವೂ ಹೆಡ್‌ಸೆಟ್ಟಿನದೇ. ಒಂದು ಶಬ್ದವನ್ನು ತಡೆಯಲು, ಮತ್ತೊಂದು ಅದನ್ನು ಕಿವಿಯೊಳಗೇ ಸುರಿಯಲು! ಕಾರ್ಮಿಕನು ಅನಿವಾರ್ಯವಾಗಿ ಎದುರಿಸುವ ಅಪಾಯವನ್ನು ನಾವು ಹಣ ಕೊಟ್ಟು ತಂದುಕೊಳ್ಳಬೇಕೆ?

ಶಬ್ದದಿಂದ ಬರುವ ಶ್ರವಣದೋಷವು ಸದ್ದಿಲ್ಲದೆ ಬರುತ್ತದೆ, ನೋವಿಲ್ಲ, ರಕ್ತವಿಲ್ಲ. ಮೊದಲು ಕುಂದುವುದು ಕೀಚಲು ಧ್ವನಿಗಳನ್ನು ಕೇಳುವ ಶಕ್ತಿ. ಆಗ ಮಾತು ಕೇಳಿಸುತ್ತದೆ, ಆದರೆ ಸ್ಪಷ್ಟವಾಗುವುದಿಲ್ಲ. ಸಕಾರ ಶಕಾರಗಳು ಮಸುಕಾಗಿ ‘ಸಾಲು’ ಎಂದರೋ ‘ಶಾಲು’ ಎಂದರೋ ತಿಳಿಯದು. ತರಗತಿಯಲ್ಲಿ ಇಂತಹ ಮಗುವನ್ನು ಅಲಕ್ಷ್ಯದ ಮಗು, ದಡ್ಡ ಮಗು ಎಂದು ಜರೆಯುವುದುಂಟು. ಅದು ಅನ್ಯಾಯ. ಆಟ ಮುಗಿದ ಮೇಲೆ ಕಿವಿಯಲ್ಲಿ ಗುಂಯ್ ಎಂಬ ಸದ್ದು ಉಳಿದರೆ, ಇತರರ ಮಾತು ದೂರದಿಂದ ಬಂದಂತೆ ಕೇಳಿದರೆ ಅದನ್ನು ಎಚ್ಚರಿಕೆಯೆಂದು ಬಗೆದು ಹಿರಿಯರಿಗೆ ಹೇಳಬೇಕು. ರಾಯಚೂರಿನ ವೈದ್ಯಕೀಯ ವಿಜ್ಞಾನ ಸಂಸ್ಥೆಯಂತಹ ಸರ್ಕಾರಿ ಆಸ್ಪತ್ರೆಗಳಲ್ಲಿ ಕಿವಿಯ ವೈದ್ಯರಿದ್ದಾರೆ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಈ ಕ್ಷೇತ್ರದಲ್ಲಿ ದೇಶಕ್ಕೇ ಹೆಸರಾದುದು. ಒಂದೇ ಕಿವಿ ಕೇಳಿಸುವವರೂ ಆಟದಿಂದ ದೂರವಿರಬೇಕಾಗಿಲ್ಲ. ಎರಡೂ ಕಡೆಯ ಧ್ವನಿಯನ್ನು ಒಂದಾಗಿ ಬೆರೆಸುವ ಅನುಕೂಲವು ಮೊಬೈಲು ಕಂಪ್ಯೂಟರುಗಳಲ್ಲಿದೆ. ಸದ್ದಿನ ದಿಕ್ಕನ್ನು ಪರದೆಯ ಮೇಲೆ ತೋರಿಸುವ ಆಟಗಳೂ ಇವೆ.

ಹಾಗಾದರೆ ಪಾಲಿಸಬೇಕಾದ ನಿಯಮಗಳು ಯಾವುವು? ಧ್ವನಿಯನ್ನು ಪೂರ್ಣ ಮಟ್ಟದ ನೂರಕ್ಕೆ ಅರುವತ್ತರೊಳಗೆ ಇರಿಸುವುದು; ಗಂಟೆಗೊಮ್ಮೆಯಾದರೂ ಹೆಡ್‌ಸೆಟ್ಟನ್ನು ತೆಗೆದು ಕಿವಿಗೆ ವಿಶ್ರಾಂತಿ ಕೊಡುವುದು; ರಸ್ತೆಯಲ್ಲಿ ನಡೆಯುವಾಗಲೂ ಸೈಕಲ್ ತುಳಿಯುವಾಗಲೂ ಧರಿಸದಿರುವುದು. ಒಂದು ತೋಳಿನಳತೆಯ ದೂರದಲ್ಲಿ ಕುಳಿತವರು ಸಹಜವಾಗಿ ಆಡಿದ ಮಾತು ನಿಮಗೆ ಕೇಳಿಸದಿದ್ದರೆ ಧ್ವನಿ ಮಿತಿಮೀರಿದೆಯೆಂದೇ ತಿಳಿಯಬಹುದು.

ಕೊಳ್ಳುವಾಗಲೂ ಇದೇ ಒರೆಗಲ್ಲು. ಎರಡು ಹೆಡ್‌ಸೆಟ್ಟುಗಳನ್ನು ಮುಂದಿಟ್ಟುಕೊಂಡು ಯಾವುದು ಹೆಚ್ಚು ಗಟ್ಟಿಯಾಗಿ ಮೊಳಗುತ್ತದೆಂದು ಕೇಳಬೇಡಿರಿ. ಎರಡರಲ್ಲಿಯೂ ಧ್ವನಿಯನ್ನು ಕಡಿಮೆ ಮಾಡಿ, ಯಾವುದರಲ್ಲಿ ಸಣ್ಣ ಸದ್ದೂ ಸ್ಪಷ್ಟವಾಗಿ ಕೇಳಿಸುತ್ತದೆಂದು ನೋಡಿರಿ. ಮೆಲ್ಲಗೆ ನುಡಿದು ತಿಳಿಯುವಂತೆ ಮಾಡುವುದೇ ಒಳ್ಳೆಯ ಹೆಡ್‌ಸೆಟ್. ಹಾಳಾದ ಹೆಡ್‌ಸೆಟ್ಟಿಗೆ ಬದಲು ಹೊಸತನ್ನು ಅಂಗಡಿಯಿಂದ ತರಬಹುದು; ಕಿವಿಯನ್ನು ಮಾರುವ ಅಂಗಡಿ ಎಲ್ಲಿಯೂ ಇಲ್ಲ.