ಖಾರಕ್ಕಲ್ಲ, ಬಣ್ಣಕ್ಕೆ ಹೆಸರಾದ ಬ್ಯಾಡಗಿ

ನಮ್ಮೂರು ಬ್ಯಾಡಗಿ ಎಂದ ಕೂಡಲೇ ಬೇರೆ ಊರಿನ ಗೆಳೆಯರು ‘ಓಹೋ, ಖಾರದ ಮಂದಿ’ ಎಂದು ನಗುತ್ತಾರೆ. ಅಸಲಿಗೆ ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ. ಅದರ ಹೆಸರಿರುವುದು ಬಣ್ಣಕ್ಕೆ. ಖಾರ ಬೇಕಾದವರು ಗುಂಟೂರಿನ ಕಡೆ ನೋಡುತ್ತಾರೆ, ಸಾರು ಕೆಂಪಗಾಗಬೇಕು ಎನ್ನುವವರು ನಮ್ಮೂರಿಗೆ ಬರುತ್ತಾರೆ. ಈ ಕಾಯಿಯಿಂದ ತೆಗೆಯುವ ಓಲಿಯೋರೆಸಿನ್ ಎಂಬ ಎಣ್ಣೆಯಂಥ ಸಾರ ತಿನಿಸುಗಳಿಗಷ್ಟೇ ಅಲ್ಲ, ಲಿಪ್‌ಸ್ಟಿಕ್‌ಗೂ ಬಣ್ಣ ಕೊಡುತ್ತದೆ. 2011ರಲ್ಲಿ ಜಿಐ ಮಾನ್ಯತೆಯೂ ಸಿಕ್ಕಿತು.

ಹುಬ್ಬಳ್ಳಿಯಿಂದ ಬೆಂಗಳೂರಿನತ್ತ ಹೊರಟ ರೈಲು ಹಾವೇರಿ ದಾಟಿದ ಮೇಲೆ ನಮ್ಮೂರು ಸಿಗುತ್ತದೆ. ಹೆದ್ದಾರಿ ಮಾತ್ರ ಊರೊಳಗೆ ಬಾರದೆ ಮೋಟೆಬೆನ್ನೂರಿನ ಮೇಲೆ ಹಾದುಹೋಗಿದೆ. 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿ ಜೊತೆ ನಡೆದ ಮೈಲಾರ ಮಹಾದೇವ ಅದೇ ಮೋಟೆಬೆನ್ನೂರಿನವರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡೇಟಿಗೆ ಬಲಿಯಾದಾಗ ಅವರಿಗಿನ್ನೂ 31 ವರ್ಷ. ಕನಕದಾಸರ ಕಾಗಿನೆಲೆಯೂ ನಮ್ಮ ತಾಲ್ಲೂಕೇ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಇವು ಒಂದೊಂದು ಅಂಕದ ಪ್ರಶ್ನೆಗಳು, ನಮಗೆ ಬಸ್ ಹತ್ತಿದರೆ ಸಿಗುವ ಊರುಗಳು.

ಊರಿಗೆ ಜೀವ ಬರುವುದು ಮಾತ್ರ ಸೋಮವಾರ ಮತ್ತು ಗುರುವಾರ, ಮಾರುಕಟ್ಟೆಯ ದಿನಗಳಲ್ಲಿ. ಸೀಸನ್ನಿನಲ್ಲಿ ಒಂದೇ ದಿನಕ್ಕೆ 2 ಲಕ್ಷಕ್ಕೂ ಹೆಚ್ಚು ಚೀಲ ಬಂದದ್ದುಂಟು. ಹೆಸರು ನಮ್ಮೂರಿನದಾದರೂ ಅದರಲ್ಲಿ ಬಹುಪಾಲು ಬಳ್ಳಾರಿ, ರಾಯಚೂರು, ಆಂಧ್ರದ ಕರ್ನೂಲು ಕಡೆಯ ರೈತರ ಬೆಳೆ. ರಾತ್ರಿಯೆಲ್ಲ ಲಾರಿಗಳು ಬರುತ್ತವೆ, ಬೆಳಗಾಗುವಷ್ಟರಲ್ಲಿ ದಲಾಲಿ ಅಂಗಡಿಗಳ ಮುಂದೆ ಕೆಂಪು ರಾಶಿ. ಖರೀದಿದಾರರು ಕಾಯಿ ಮುರಿದು, ಮೂಸಿ, ಟೆಂಡರ್‌ನಲ್ಲಿ ದರ ಹಾಕುತ್ತಾರೆ. ಆ ದರಕ್ಕಾಗಿ ಕಾಯುವ ರೈತರ ಮುಖ ನೋಡಿದವರಿಗೆ, 2024ರ ಮಾರ್ಚ್‌ನಲ್ಲಿ ದರ ಕುಸಿದಾಗ ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚುವಷ್ಟು ಸಿಟ್ಟು ಎಲ್ಲಿಂದ ಬಂತೆಂದು ಬಿಡಿಸಿ ಹೇಳಬೇಕಿಲ್ಲ. ಬೆಂಕಿ ಹಚ್ಚಿದ್ದು ಸರಿಯೆಂದು ನಾನು ಹೇಳುವುದಿಲ್ಲ.

ಮಾರಾಟವಾದ ಕಾಯಿ ನಮ್ಮವ್ವನಂಥವರ ಕೈಗೆ ಬರುತ್ತದೆ. ಸಾಲಾಗಿ ಕುಳಿತು ತೊಟ್ಟು ಬಿಡಿಸುವ ಕೆಲಸ, ಕೂಲಿ ಕೆಜಿ ಲೆಕ್ಕದಲ್ಲಿ. ಮೂಗಿಗೆ ಸೆರಗು ಕಟ್ಟಿಕೊಂಡರೂ ಸೀನು ಬಿಡದು, ರಾತ್ರಿ ಅಂಗೈ ಉರಿ. ನನ್ನ ಬಿ.ಕಾಂ. ಫೀಸು ತುಂಬಿದ್ದು ಈ ಕೂಲಿಯೇ. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಬೀಜದ ಸಪ್ಪಳದಿಂದಲೇ ಎಷ್ಟು ಒಣಗಿದೆ ಎಂದು ಅವ್ವ ಹೇಳಬಲ್ಲಳು. ಸಣ್ಣಗೆ ಉದ್ದವಿದ್ದರೆ ಕಡ್ಡಿ, ಗಿಡ್ಡವಾಗಿ ಉಬ್ಬಿದ್ದರೆ ಡಬ್ಬಿ ಎಂಬಷ್ಟು ನನಗೂ ಗೊತ್ತು. ಅದರಾಚೆಗಿನದಕ್ಕೆ ಕೋರ್ಸೂ ಇಲ್ಲ, ಸರ್ಟಿಫಿಕೇಟೂ ಇಲ್ಲ.

ನನ್ನ ಜೊತೆ ಓದಿದವರಲ್ಲಿ ಹೆಚ್ಚಿನವರು ಬೆಂಗಳೂರಿನ ಪಿಜಿಗಳಲ್ಲಿದ್ದಾರೆ. ಕೋಟಿಗಟ್ಟಲೆ ವಹಿವಾಟು ನಡೆಯುವ ಊರಿನಲ್ಲಿ ಡಿಗ್ರಿ ಮುಗಿಸಿದವರಿಗೆ ಕೆಲಸವಿಲ್ಲವೇ? ಇದೆ. ಕೋಲ್ಡ್ ಸ್ಟೋರೇಜ್‌ನಲ್ಲಿ, ಮಸಾಲೆ ಪುಡಿ ಘಟಕಗಳಲ್ಲಿ, ದಲಾಲಿ ಅಂಗಡಿಯ ಕಂಪ್ಯೂಟರಿನ ಮುಂದೆ ಇದೆ. ಆದರೆ ಮದುವೆಯ ಮಾತುಕತೆಯಲ್ಲಿ ಅದನ್ನು ಯಾರೂ ‘ನೌಕರಿ’ ಎನ್ನುವುದಿಲ್ಲ, ಅಷ್ಟೇ.

ಬ್ಯಾಂಕ್ ಪರೀಕ್ಷೆಗೆ ಓದುತ್ತಲೇ ಈ ಸೀಸನ್ನಿಗೆ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯಲು ಒಪ್ಪಿಕೊಂಡಿದ್ದೇನೆ. ಅವ್ವ ಎರಡು ದಿನ ಮಾತು ಬಿಟ್ಟಿದ್ದಳು. ಮೂರನೇ ದಿನ ಬುತ್ತಿ ಕಟ್ಟಿಕೊಡುತ್ತಾ ಕೇಳಿದ್ದು ಒಂದೇ: ‘ನಿನ್ನ ಬಟ್ಟಿಗೂ ಇದ ಘಾಟು ಹತ್ತಬೇಕೇನು?’